ಬಾಗಲೇಬೇಕಾದ ತೊಲೆ

ಕಾಂಕ್ರೀಟಿನ ಸಹವಾಸ ಮಾಡಿದವನಿಗೆ ಫಜೀತಿ ತಪ್ಪಿದ್ದಲ್ಲ. ಅದು ಗಟ್ಟಿಯಾಗುವುದರೊಳಗೆ ನಾವು ಮೆತ್ತಗಾಗಿರುತ್ತೇವೆ. ಎಂಬತ್ತರ ದಶಕದಲ್ಲಿ ನಾನು ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಪಾಠ ಹೇಳುತ್ತಿದ್ದೆ. ಮೇಲಿನ ಪದವಿಗೆಂದು ಒಂದು ಪ್ರಯೋಗ ಹಿಡಿದಿದ್ದೆ: ಕಾಂಕ್ರೀಟಿನ ತೊಲೆಯ ಮೇಲೆ ಭಾರ ಹೇರಿ ತಿಂಗಳುಗಟ್ಟಲೆ ಬಿಟ್ಟರೆ ಅದು ನಿಧಾನವಾಗಿ ಎಷ್ಟು ಬಾಗುತ್ತದೆಂದು ಅಳೆಯುವುದು. ನಡುವೆ ಕೆಟ್ಟರೆ ಎಲ್ಲ ಮೊದಲಿನಿಂದ.

೧. ತಾನೇ ಕೂಡುವ ಕಾಂಕ್ರೀಟು

ತೊಲೆ ಹಾಕಲು ಗುಡೂರಿನ ಗೌಂಡಿಯನ್ನು ಕರೆಸಿದೆ. "ಕಡ್ಡಿಯಿಂದ ಚೆನ್ನಾಗಿ ಕುಟ್ಟಪ್ಪ" ಎಂದೆ. ಆತ ಕಲಸಿದ್ದಕ್ಕೆ ಇನ್ನೊಂದು ಬಕೆಟ್ಟು ನೀರು ಸುರಿದ.

"ಕುಟ್ಟೂದ್ಯಾಕ್ರಿ ಸಾಹೇಬ್ರ? ನೋಡ್ರಿ, ತಾನ ಹರದು ತಾನ ಕುಂದರತೈತಿ."

ಹರಿದದ್ದು ಖರೆ. ಅಚ್ಚಿನ ಸಂದಿಯಿಂದ ಹೊರಗೆ ಹರಿದು ನನ್ನ ಹೊಸ ಚಪ್ಪಲಿಯ ಮೇಲೆ ಕುಳಿತಿತು. ಆ ದಿನ ಗಟ್ಟಿಯಾಗಿ ಬಂದದ್ದು ಚಪ್ಪಲಿಯೊಂದೇ. ಮರುದಿನ ಎದುರಿಗೆ ನಿಂತು ಬೇರೆ ತೊಲೆ ಹಾಕಿಸಿದೆ.

೨. ಮುಳ್ಳಿಗೆ ಭಂಡಾರ

ತೊಲೆ ಗಟ್ಟಿಯಾದ ಮೇಲೆ ಅದರ ಮೇಲೆ ಇಳಕಲ್ಲಿನ ಕೆಂಪು ಕಲ್ಲು ಪೇರಿಸಿ, ಕೆಳಗೆ ಗಡಿಯಾರದಂಥ ಮಾಪಕ ಇಟ್ಟೆ. ತೊಲೆ ಕೂದಲೆಳೆಯಷ್ಟು ಬಾಗಿದರೂ ಮುಳ್ಳು ಸರಿಯಬೇಕು. ಸರಿಯುತ್ತಲೂ ಇತ್ತು. ಖಂಡೇಪೂಜೆಯ, ಅಂದರೆ ಆಯುಧಪೂಜೆಯ ರಜೆ ಮುಗಿಸಿ ಬಂದು ನೋಡಿದರೆ ಮುಳ್ಳು ಅಲ್ಲಾಡುತ್ತಿಲ್ಲ. ಬಾಗುವುದು ನಿಂತೇಹೋಯಿತೆಂದು ಹೊಸ ಸಿದ್ಧಾಂತವನ್ನೇ ಮನಸ್ಸಿನಲ್ಲಿ ಕಟ್ಟಿದೆ. ಹತ್ತಿರ ಬಗ್ಗಿ ನೋಡಿದರೆ ಮಾಪಕವೆಲ್ಲ ಅರಿಶಿನ, ಮುಳ್ಳು ಅದರಲ್ಲೇ ಸಿಕ್ಕಿಕೊಂಡಿದೆ.

ನಮ್ಮ ಪ್ರಯೋಗಾಲಯದ ಜವಾನ ಶಿರೂರಿನವನು, ಬೀರಪ್ಪನ ಭಕ್ತ; ಆ ದೇವರ ಅರಿಶಿನಪುಡಿಗೆ ಭಂಡಾರ ಎನ್ನುತ್ತಾರೆ. "ಎಲ್ಲಾ ಯಂತ್ರಕ್ಕೂ ಭಂಡಾರ ಹಚ್ಚೇನ್ರಿ ಸರ. ನಿಮ್ಮದಕ್ಕ ಒಂದೀಟು ಹೆಚ್ಚ ಹಾಕೇನ್ರಿ" ಎಂದ.

ನನ್ನ ಸಿದ್ಧಾಂತವನ್ನು ಬ್ರಶ್ಶಿನಿಂದ ಉಜ್ಜಿ ತೆಗೆದೆ.

೩. ಮರ್ಯಾದೆ ಪ್ರಶ್ನೆ

ಕೊನೆಗೆ ಧಾರವಾಡದಿಂದ ನನ್ನ ಮಾರ್ಗದರ್ಶಕರು ತೊಲೆ ನೋಡಲು ಬಂದರು. ಅವರು ಹೂಂ ಅಂದರೆ ಪದವಿ, ಇಲ್ಲದಿದ್ದರೆ ಹೊಸ ತೊಲೆ. ಬಾಗಿಲು ತೆರೆದರೆ ಮುಳ್ಳು ಹಿಂದಕ್ಕೆ ಓಡಿದೆ! ತೊಲೆಯ ನಡುವಿಗೆ ಸರಿಯಾಗಿ ಒಂದು ಬೇವಿನ ಕಂಬ ನಿಂತಿದೆ, ಅದರ ತಲೆಗೆ ಬೆಣೆ ಬೇರೆ ಬಡಿದಿದೆ.

ಜವಾನ ಎದೆಯುಬ್ಬಿಸಿ ಮಾರ್ಗದರ್ಶಕರ ಮುಂದೆ ಬಂದ. "ದೊಡ್ಡ ಸಾಹೇಬ್ರ, ನೀವು ಬರೂದ್ರಾಗ ತ್ವಾಲಿ ಭಾಳ ಬಾಗಿತ್ರಿ. ಸರ ಕಟ್ಟಿದ್ದು ಹಿಂಗ ಬಾಗಿದ್ರ ಅವರ ಮರ್ಯಾದಿ ಏನ್ರಿ? ಅದಕ್ಕ ಕಂಬ ಕೊಟ್ಟೇನ್ರಿ. ಈಗ ಬೇಕಾದ್ರ ನೀವ ಮ್ಯಾಲ ಹತ್ತಿ ನಿಂದರ್ರಿ!"

ಮಾರ್ಗದರ್ಶಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅತ್ತರೋ ನಕ್ಕರೋ ಗೊತ್ತಾಗಲಿಲ್ಲ. "ಹೊಸಾ ತೊಲಿ ಹಾಕ್ರಿ" ಎಂದು ಹೊರಟುಹೋದರು.

ನನಗೆ ಅಳುವೇ ಬಂತು. ಆದರೂ ಪ್ರೀತಿಯಿಂದ ಮಾಡಿದವನನ್ನು ಬಯ್ಯಲಾಗಲಿಲ್ಲ. ಇದು ಬಾಗಬೇಕು, ಬಾಗಿದರೇ ನನಗೆ ಪದವಿ ಎಂದು ಬಿಡಿಸಿ ಹೇಳಿದೆ. ಆತ ಹಣೆ ಬಡಿದುಕೊಂಡ.

"ಇದನ್ನ ಮೊದಲ ಹೇಳಬಾರದೇನ್ರಿ ಸರ? ಹೇಳಿದ್ರ ಜವಾನರೆಲ್ಲಾ ದಿನಾ ರೊಟ್ಟಿ ಉಂಡು ಇದರ ಮ್ಯಾಲ ಕುಂತಿರ್ತಿದ್ವಿ!"