ಕರಿ ಪಟ್ಟಿಯ ಮಾಮಾ

ನಮ್ಮ ಸೋದರಮಾವನನ್ನು ಮನುಷ್ಯರ ಲೆಕ್ಕಕ್ಕೆ ಸೇರಿಸಬಹುದೋ ಇಲ್ಲವೋ, ನನಗಿನ್ನೂ ಖಾತ್ರಿಯಿಲ್ಲ! ಮಸ್ಕಿಯಲ್ಲಿ ಮದುವೆ ವಿಡಿಯೋ ತೆಗೆದು ಮಿಕ್ಸಿಂಗ್ ಮಾಡುವ ಅಂಗಡಿ ಅವನದು. ಊಟ ತಪ್ಪಿದರೂ ನಡೆದೀತು, ಚಿತ್ರದ ಅಳತೆ ತಪ್ಪಬಾರದು. ಅಂಚಿನಲ್ಲಿ ಯಾರದಾದರೂ ಮೊಣಕೈ ಕತ್ತರಿಸಿಹೋದರೆ ತನ್ನದೇ ಹೋದಂತೆ ಒದ್ದಾಡುತ್ತಾನೆ.

ಪಾಮನಕಲ್ಲೂರಿನಲ್ಲಿ ನಮ್ಮ ದೊಡ್ಡಪ್ಪನಿಗೆ ಆಪರೇಷನ್ ಆಗಿತ್ತು. ಮಾತಾಡಿಸಿ ಬರೋಣವೆಂದು ಹೋದೆವು. ಆ ಮನೆಯ ಹೊಸ ಅಗಲ ಟಿವಿಯಲ್ಲಿ ಹಳೆಯ ಸಿನಿಮಾ ಬರುತ್ತಿತ್ತು. ಪರದೆ ತುಂಬಲೆಂದು ಯಾರೋ ಚಿತ್ರವನ್ನು ಎಳೆದಿಟ್ಟಿದ್ದರಿಂದ ನಾಯಕಿ ಜೋಳದ ರೊಟ್ಟಿಯಂತೆ ಅಗಲವಾಗಿದ್ದಳು. ಮಾಮಾ ಮಂಚದ ಕಡೆ ತಿರುಗಿಯೂ ನೋಡಲಿಲ್ಲ, ರಿಮೋಟ್ ಕಸಿದುಕೊಂಡು ಒತ್ತತೊಡಗಿದ. ಪಾಪ, ದೊಡ್ಡಪ್ಪನೇ ಕೇಳಿದರು:

"ಹೆಂಗ ಕಾಣಾಕತ್ತೀನೋ?"

"ನೀವು ಆರಾಮ ಅದೀರಿ. ಟೀವಿಗೇ ಆರಾಮಿಲ್ಲ!"

ಇಂಥವನನ್ನು ಕಟ್ಟಿಕೊಂಡು ಊರೂರು ತಿರುಗಬೇಕೇ?

ಸಾಲಗುಂದದ ಮದುವೆಯ ಡಿವಿಡಿ ಮಾಡುವಾಗ ವೈಡ್‌ಸ್ಕ್ರೀನ್ ಎಂಬಲ್ಲಿ ಟಿಕ್ ಹಾಕುವುದನ್ನು ಅವನೇ ಮರೆತ. ಅಗಲ ಚಿತ್ರ ಚೌಕಕ್ಕೆ ಹಿಂಡಿಹೋಗಿ ಟಿವಿಯಲ್ಲಿ ಎಲ್ಲರೂ ಸೊರಗಿ ಉದ್ದವಾದರು. ಮದುಮಗಳ ಅಪ್ಪ ಹೊಟ್ಟೆಯ ಗೃಹಸ್ಥ. ತೆಳ್ಳಗಾದ ತನ್ನನ್ನು ನೋಡಿ ಹಿಗ್ಗಿ, ಬಂದವರಿಗೆಲ್ಲ ಹಾಕಿ ತೋರಿಸತೊಡಗಿದ. ಸುದ್ದಿ ತಿಳಿದದ್ದೇ ಮಾಮಾ ಬೈಕ್ ಹತ್ತಿ ಓಡಿದ.

"ಇರಲಿ ಬಿಡೋ, ಹಿಂಗ ಛಲೋ ಕಾಣಾಕತ್ತೀನಿ" ಎಂದನಂತೆ ಗೃಹಸ್ಥ.

"ಆದ್ರ ನೀವು ಹಿಂಗಿಲ್ರೀ!" ಎಂದು ಇವನು ಡಿವಿಡಿ ಕಿತ್ತುಕೊಂಡೇ ಬಂದ. ಅವನು ತೆಳ್ಳಗೆ ಕಂಡರೆ ಇವನಪ್ಪನ ಗಂಟೇನು ಹೋಗುತ್ತಿತ್ತು?

ಇದನ್ನೆಲ್ಲ ಸಹಿಸಿದೆ. ಆದರೆ ನನ್ನ ಮದುವೆಯನ್ನೇ ಹಾಳು ಮಾಡಿದನಲ್ಲ!

ನನ್ನನ್ನು ಕೊಟ್ಟದ್ದು ಲಿಂಗಸುಗೂರಿಗೆ. ನಮ್ಮ ಮದುವೆಯನ್ನು ಕೇಬಲ್‌ನಲ್ಲಿ ತೋರಿಸಲು ಸಿಂಧನೂರಿನವರೊಬ್ಬರು ಒಪ್ಪಿದ್ದರು. ಅವರದು ಹಳೆಯ ಚೌಕ ಚಿತ್ರ, ಮಾಮಾನ ಎಚ್‌ಡಿ ಕ್ಯಾಮೆರಾದ್ದು ಅಗಲ ಚಿತ್ರ. "ಎರಡೂ ಬದಿ ಕತ್ತರಿಸಿ, ಪರದೆ ತುಂಬಿಸಿ ಕೊಡ್ರಿ" ಎಂದು ಅವರು ಕನ್ನಡದಲ್ಲೇ ಹೇಳಿದ್ದರು. ಲೋಕವೆಲ್ಲ ಹಾಗೇ ಮಾಡುತ್ತದೆ. ನಮ್ಮವನು ಮಾಡುತ್ತಾನೆಯೇ? ಇಡೀ ಚಿತ್ರವನ್ನು ಸಣ್ಣದು ಮಾಡಿ, ಮೇಲೊಂದು ಕೆಳಗೊಂದು ಕರಿ ಪಟ್ಟಿ ಹಚ್ಚಿ ಕಳಿಸಿದ!

ಅತ್ತೆಯ ಮನೆಯ ಡಬ್ಬಾ ಟಿವಿಯ ಮುಂದೆ ಓಣಿಯೇ ಕೂತಿತ್ತು. ಮೇಲೆ ಕತ್ತಲು, ಕೆಳಗೆ ಕತ್ತಲು, ನಡುವೆ ಲಾಡಿಯಷ್ಟು ಮದುವೆ. ಅತ್ತೆ ಎದ್ದು ಟಿವಿಯ ತಲೆಗೆ ಎರಡು ಬಾರಿಸಿದರು.

"ಅರ್ಧ ಟೀವಿ ಹೋಗೇತಿ ನೋಡವಾ!"

"ಕಿಟಕ್ಯಾಗಿಂದ ಇಣುಕಿ ಮದುವಿ ನೋಡಿದಂಗಾತು" ಎಂದಳು ಪಕ್ಕದ ಮನೆಯವಳು.

ಎರಡು ತಾಸು ಕೂತು ಹೆಣೆಸಿಕೊಂಡ ಜಡೆ ಬೆಂಕಿಕಡ್ಡಿಯಷ್ಟು ಕಾಣುತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮರುದಿನ ಮೊದಲ ಬಸ್ಸಿಗೇ ಮಸ್ಕಿಗೆ ಬಂದು ಅಂಗಡಿಯಲ್ಲಿ ಕೂಗಾಡಿದೆ.

"ಮಾಮಾ, ಅತ್ತಿ ಮನ್ಯಾಗ ನನ್ನ ಮರ್ಯಾದಿ ಕಳದಿ! ಬದಿಗೆ ಯಾರಿದ್ರಂತ ಉಳಿಸ್ದಿ? ಅಡಿಗಿಯವರು, ಕುರ್ಚಿ ಹೊರೋರು!"

ಮಾಮಾ ಕಂಪ್ಯೂಟರಿನಲ್ಲಿ ಅಕ್ಕಿಕಾಳು ಬೀಳುವ ಗಳಿಗೆಯನ್ನು ತೆಗೆದ. ಕೇಬಲ್‌ನವರು ಕೇಳಿದಂತೆ ಬದಿ ಕತ್ತರಿಸಿ ತೋರಿಸಿದ. ಪರದೆ ತುಂಬ ನಾನು, ನನ್ನ ಜಡೆ, ತಾಳಿ!

"ಎಷ್ಟ ಛಂದ ಐತಿ! ಇದನ್ನ ಕೊಟ್ಟಿದ್ರ ನಿನಗೇನಾಗ್ತಿತ್ತು?"

ಅವನು ಕತ್ತರಿಸಿದ್ದನ್ನು ತೆಗೆದ. ಚಿತ್ರ ಅಗಲವಾಯಿತು. ಎಡ ಅಂಚಿನಲ್ಲಿ, ಕಂಬಕ್ಕೆ ಒರಗಿ, ನಮ್ಮವ್ವ ನಿಂತಿದ್ದಳು. ಹಿಂದಿನ ದಿನದ ನಾಚಿಕೆಯಲ್ಲಿ ನಾನು ಅಂಚು ನೋಡಿರಲೇ ಇಲ್ಲ.

ಅಪ್ಪ ಹೋದ ಮೇಲೆ ಅವ್ವ ಯಾವ ಮಂಟಪವನ್ನೂ ಹತ್ತುತ್ತಿರಲಿಲ್ಲ. ನನ್ನದನ್ನೂ ಹತ್ತಲಿಲ್ಲ. ಮೂರು ಸಲ ಕರೆದಿದ್ದೆ, ನಕ್ಕು ತಲೆಯಾಡಿಸಿದ್ದಳು. ಆಮೇಲೆ ಜನ ಮುತ್ತಿಕೊಂಡರು. ಅವಳು ಎಲ್ಲಿ ಹೋದಳೋ ನನಗೆ ಕಾಣಲಿಲ್ಲ. ಈಗ ಕಂಡಳು. ಕಂಬದ ಹತ್ತಿರದಿಂದಲೇ ಮುಷ್ಟಿಯೆತ್ತಿ ನನ್ನ ಕಡೆ ಅಕ್ಕಿಕಾಳು ಎಸೆದಳು. ಅವು ಅರ್ಧ ದಾರಿಗೂ ಬರದೆ ಯಾರದೋ ಬೆನ್ನ ಮೇಲೆ ಬಿದ್ದವು.

"ಚಿತ್ರಾನ ಆಕಿ ಕಡೆ ಸರಿಸಿ ಕೊಡಬೇಕಿತ್ತಲ್ಲ..." ಎಂದೆ.

"ಆಕಿ ಕಡೆ ಸರಿಸಿದ್ರ ನೀ ಹೋಗ್ತೀ, ಹುಚ್ಚಿ. ಇಬ್ರೂ ಬೇಕಂದ್ರ ಕರಿ ಪಟ್ಟಿನೂ ಬೇಕು. ಮಂಟಪಕ್ಕಂತೂ ಬರ್ಲಿಲ್ಲ ನಮ್ಮಕ್ಕ. ಟೀವ್ಯಾಗರ ಬರ್ಲಿ."

ಅಂಗಡಿಯಲ್ಲೇ ಕೂತು ಅತ್ತುಬಿಟ್ಟೆ. ಜಗಳಕ್ಕೆಂದು ಬಂದವಳು ಅದೇ ಅಗಲ ಚಿತ್ರದ ಡಿವಿಡಿಯನ್ನು ಸೆರಗಲ್ಲಿ ಕಟ್ಟಿಕೊಂಡು ಹೋದೆ.

ಸಂಜೆ ಲಿಂಗಸುಗೂರಿನಲ್ಲಿ ಹಾಕಿದೆ. ಮತ್ತದೇ ಕರಿ ಪಟ್ಟಿ! ಅತ್ತೆ ಎದ್ದು ಟಿವಿಯ ಮೇಲೆ ಕೈಯೆತ್ತಿದರು. ನಾನು ಓಡಿ ಹೋಗಿ ಆ ಕೈ ಹಿಡಿದುಕೊಂಡೆ.

"ಹೊಡೀಬ್ಯಾಡ್ರಿ ಅತ್ತೀ, ಅಲ್ಲಿ ನಮ್ಮವ್ವ ನಿಂತಾಳ."