ಎಡೆ ಮುಟ್ಟಿದ ಕಾಗೆ

ಕಾಗೆ ಎಡೆ ಮುಟ್ಟಿತು. ಮುಟ್ಟಿ ಸುಮ್ಮನೆ ಹಾರಿಹೋಗಿದ್ದರೆ ಸಿದ್ದರಾಯ ನಾಲ್ಕು ಹೋಳಿಗೆ ಉಂಡು ಸಂಜೆಯ ಬಸ್ಸಿಗೆ ಇಂಡಿ ಸೇರಿರುತ್ತಿದ್ದ. ಆದರೆ ಕಾಗೆ ಹೋಳಿಗೆಯ ಚೂರು ನುಂಗಿ, ಎರಡು ಹೆಜ್ಜೆ ಎಡಕ್ಕೆ, ಮೂರು ಹೆಜ್ಜೆ ಬಲಕ್ಕೆ ಇಟ್ಟು, ಏನೋ ಮಹತ್ವದ ಮಾತು ಹೇಳುವವರಂತೆ ಕೊಕ್ಕು ತೆರೆದು, ಅದನ್ನು ಹೇಳದೆಯೇ ಮಾಳಿಗೆಯ ಮೇಲೆ ಅಂಗಾತ ಬಿದ್ದುಬಿಟ್ಟಿತು.

ಅದು ಗೊಲ್ಲಾಳಪ್ಪ ದೇಸಾಯಿ ತೀರಿಕೊಂಡ ಮೂರನೆಯ ದಿನ. ಮಕ್ಕಳಿಲ್ಲದ ಮನುಷ್ಯ, ಹೆಂಡತಿ ತೀರಿಯೂ ಇಪ್ಪತ್ತು ವರ್ಷವಾಗಿತ್ತು. ಅವನು ಬಿಟ್ಟುಹೋದದ್ದು ಹೂವಿನ ಹಿಪ್ಪರಗಿಯಿಂದ ಒಂದು ಹರದಾರಿ ಆಚೆ, ಹೊಲಗಳ ನಡುವೆ ಒಂಟಿಯಾಗಿ ನಿಂತ ಹಳೆಯ ವಾಡೆ ಮತ್ತು ಅದರ ಬೆನ್ನಿಗಿದ್ದ ಎಂಟು ಎಕರೆ ನಿಂಬೆಯ ತೋಟ. ಇದಕ್ಕೆ ವಾರಸದಾರರು ಅವನ ಸತ್ತ ತಮ್ಮಂದಿರ ಮಕ್ಕಳು, ಮೂವರು. ಸಿಂದಗಿಯಲ್ಲಿ ಟೆಂಪೊ ಓಡಿಸುವ ಧರೆಪ್ಪ, ಮುದ್ದೇಬಿಹಾಳದಲ್ಲಿ ಸಾಲಿ ಕಲಿಸುವ ವಿಜಯಶ್ರೀ, ಮತ್ತು ಎಲ್ಲರಿಗಿಂತ ಕಿರಿಯವನಾದ ನಮ್ಮ ಸಿದ್ದರಾಯ. ಇಂಡಿಯ ತಹಸೀಲ ಕಚೇರಿಯ ಎದುರಿಗೆ ಇವನದೊಂದು ಝರಾಕ್ಸ್ ಅಂಗಡಿ. ತಾಲೂಕಿನ ಅರ್ಧ ಅಣ್ಣತಮ್ಮಂದಿರ ಜಗಳ ಇವನ ಯಂತ್ರದಿಂದಲೇ ಬಿಸಿಬಿಸಿಯಾಗಿ ಹೊರಬೀಳುತ್ತಿತ್ತು. ಗಿರಾಕಿ ಇಲ್ಲದಾಗ ಮೊಬೈಲಿನಲ್ಲಿ ಕೊಲೆಯ ಧಾರಾವಾಹಿ ನೋಡುತ್ತಿದ್ದ. ಹೀಗಾಗಿ ಆಸ್ತಿ ಮತ್ತು ಸಾವು ಎರಡರಲ್ಲಿಯೂ ತಾನು ತಿಳಿದವನೆಂಬ ಭಾವ ಅವನಲ್ಲಿತ್ತು.

ಹದಿನೈದು ವರ್ಷದಿಂದ ವಾಡೆಯಲ್ಲಿ ಅಡಿಗೆ ಮಾಡಿಕೊಂಡಿದ್ದ ಸಾವಂತ್ರವ್ವನನ್ನು ಯಾರೂ ವಾರಸದಾರರಲ್ಲಿ ಎಣಿಸಿರಲಿಲ್ಲ. ಹಂಡೆ, ಕೊಪ್ಪರಿಗೆಗಳ ಜೊತೆ ಅವಳೂ ಯಾರ ಪಾಲಿಗೆ ಬರಬೇಕೆಂಬ ಚರ್ಚೆ ಮಾತ್ರ ಬೆಳಿಗ್ಗೆ ನಡೆದಿತ್ತು.

ಮಾಳಿಗೆಯ ಮೇಲೆ ಎಡೆ ಇಡಲು ಹತ್ತಿದವರು ಮೂವರೇ. ಕಾಗೆ ಬಿದ್ದಾಗ ಧರೆಪ್ಪ ಆಕಾಶ ನೋಡುತ್ತಿದ್ದ, ವಿಜಯಶ್ರೀ ಸೆರಗು ನೋಡುತ್ತಿದ್ದಳು. ತಾನೊಬ್ಬನೇ ನೋಡಿದೆನೆಂದುಕೊಂಡ ಸಿದ್ದರಾಯ. ವಿಷ. ಈ ಇಬ್ಬರಲ್ಲಿ ಒಬ್ಬರು ಮೂರು ಪಾಲನ್ನು ಒಂದು ಮಾಡಲು ಹೊರಟಿದ್ದಾರೆ. ಎದ್ದು ಓಡಿಬಿಡಬಹುದಿತ್ತು. ಆದರೆ ಹಿಂದಿನ ದಿನದ ಮಳೆಗೆ ಎರೆಮಣ್ಣು ಹಿಟ್ಟಿನಂತೆ ನಾದಿಕೊಂಡಿತ್ತು. ಧರೆಪ್ಪನ ಟೆಂಪೊ ಗಾಲಿಯವರೆಗೆ ಹೂತು ನಿಂತಿತ್ತು. ಅದೂ ಅಲ್ಲದೆ ಊಟದ ನಂತರ ವಾಟ್ನಿ, ಅಂದರೆ ಪಾಲು ಮಾಡುವ ಮಾತು. ಹೋದವನ ಪಾಲು ಉಳಿದವರದು. ಜೀವ ದೊಡ್ಡದೋ ಪಾಲು ದೊಡ್ಡದೋ ಎಂದು ಲೆಕ್ಕ ಹಾಕುತ್ತ ಸಿದ್ದರಾಯ ಮೆಟ್ಟಿಲು ಇಳಿದ.

ಕೆಳಗೆ ಪಡಸಾಲೆಯಲ್ಲಿ ಹಿಪ್ಪರಗಿಯಿಂದ ಕೆಸರು ತುಳಿದುಕೊಂಡು ಬಂದ ಇಪ್ಪತ್ತು ಮಂದಿ ಎಲೆಯ ಮುಂದೆ ಕುಳಿತಿದ್ದರು. ವಾರಸದಾರರು ಮೊದಲ ತುತ್ತು ಎತ್ತುವವರೆಗೆ ಉಳಿದವರು ಎಲೆ ಮುಟ್ಟುವಂತಿಲ್ಲ. ಅದು ಆ ಮನೆಯ ರಿವಾಜು. ಎಲ್ಲರ ಮುಂದೆ ಕುಳಿತವನು ಮಶಾಕಸಾಬ, ಪಕ್ಕದ ಹೊಲದವನು, ಸತ್ತ ದೇಸಾಯಿಯ ಜೀವದ ಗೆಳೆಯ.

“ಸಿದ್ದೂ, ತುತ್ತ ಎತ್ತಪಾ” ಎಂದ ಧರೆಪ್ಪ.

“ನೀ ಹಿರಿಯಾಂವ ಅದಿ. ನೀ ಎತ್ತಣ್ಣಾ.”

“ನನಗ ಎದಿ ಉರಿ. ಡಾಕ್ಟರ್ ಸೀ ಬಿಡು ಅಂದಾರ.”

“ಹಂಗಾದ್ರ ಅಕ್ಕಾ, ನೀನರ ಉಣ್ಣು.”

“ನಂದು ಉಪವಾಸ” ಎಂದಳು ವಿಜಯಶ್ರೀ.

“ಬುಧವಾರ ಯಾವ ದೇವರ ಉಪವಾಸವಾ?” ಮಶಾಕಸಾಬ ಕೇಳಿದ.

“ಹೊಸಾದು ಹಿಡದೇನ್ರಿ ಕಾಕಾ.”

“ಈ ಹೊತ್ತಿಗೇ ಹಿಡೀಬೇಕಿತ್ತೇನು? ಸಿದ್ದೂ, ನಿಂದೇನೋ?”

“ಹಲ್ಲ ಬ್ಯಾನಿ ಐತ್ರಿ.”

“ಹೋಳಿಗಿಗೆ ಹಲ್ಲ ಯಾಕ ಬೇಕೋ ತಮ್ಮಾ. ನನ್ನ ಬಾಯಾಗ ನಾಲ್ಕ ಅದಾವು. ಎಂಟ ಹೋಳಿಗಿ ಉಣ್ತೇನಿ. ಉಣ್ಣಾಕ ಬಿಟ್ಟರ.”

ಇಪ್ಪತ್ತು ಜೊತೆ ಕಣ್ಣುಗಳು ಸಿದ್ದರಾಯನನ್ನು ಹುರಿದು ತಿಂದವು. ತಿನ್ನಲು ಅವರಿಗೆ ಬೇರೇನೂ ಇರಲಿಲ್ಲ. ಕೈ ತೊಳೆಯುವ ನೆಪದಲ್ಲಿ ಅವನು ಹಿತ್ತಲಿಗೆ ಹೋದ. ಅಲ್ಲಿ ಧರೆಪ್ಪ ಬೆನ್ನ ಹಿಂದೆಯೇ ಬಂದು ಹೆಗಲ ಮೇಲೆ ಕೈ ಹಾಕಿದಾಗ ಸಿದ್ದರಾಯ ಅರ್ಧ ಸತ್ತ.

“ನೀನೂ ನೋಡಿದಿ ಹೌದಲ್ಲ, ಕಾಗಿ?”

“ಯಾವ ಕಾಗಿ?”

“ಸುಮ್ನಿರೋ. ಬೆಳಿಗ್ಗಿ ಹೂರಣ ರುಬ್ಬಿದಾಕಿ ಯಾರು? ವಿಜಿ. ಹುಟ್ಟಿದಾಗಿಂದ ಒಂದ ದಿನ ಒಳಕಲ್ಲ ಮುಟ್ಟಿಲ್ಲಾಕಿ. ಇವತ್ತ ಯಾಕ ಮುಟ್ಟಿದಳು?”

ಅವನು ಅತ್ತ ಹೋಗುತ್ತಲೇ ಬಾಗಿಲ ಸಂದಿಯಿಂದ ವಿಜಯಶ್ರೀ ಬಂದಳು. “ಏನಂದ ಅಂವಾ? ನನ್ನ ಹೆಸರ ಹೇಳಿರಬೇಕು. ಚಾ ಬೇಕು, ಚಾ ಬೇಕು ಅಂತ ಮೂರ ಸಲ ಅಡಿಗಿಮನಿಗೆ ಹೋದಾಂವ ಯಾರು? ಅವನ ಟೆಂಪೊದಾಗ ಗಿಡಕ್ಕ ಹೊಡಿಯೋ ಎಣ್ಣಿ ಡಬ್ಬಿ ಅದಾವು. ನಾ ಕಣ್ಣಾರೆ ನೋಡೇನಿ.” ಸ್ವಲ್ಪ ತಡೆದು ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಖರೇ ಅಂದ್ರ ನೀನೂ ಇಷ್ಟ ಗಪ್ಪ ಇರಾಂವಲ್ಲ.”

ಈಗ ಸಿದ್ದರಾಯನಿಗೆ ತನ್ನ ಮೇಲೂ ಸಂಶಯ ಬರತೊಡಗಿತು.

ಹೊತ್ತು ಮೂರಾಯಿತು. ಎಲೆಗಳ ಮೇಲೆ ಸಾರು ಕೆನೆಗಟ್ಟಿತು. ಬದನೆಕಾಯಿ ಎಣ್ಣೆಗಾಯಿಯ ವಾಸನೆಗೆ ಸಿದ್ದರಾಯನ ಹೊಟ್ಟೆ ಕೆಟ್ಟ ಪಂಪ್‌ಸೆಟ್ಟಿನಂತೆ ಕೂಗಿಕೊಂಡಿತು. ಕೊನೆಗೆ ಹಸಿವೆಯೇ ಅವನಿಗೆ ಬುದ್ಧಿ ಕೊಟ್ಟಿತು. ಪಾಲು ಇದ್ದವನನ್ನು ಕೊಲ್ಲುತ್ತಾರೆ, ಪಾಲು ಇಲ್ಲದವನನ್ನು ಕೊಂದು ಯಾರು ಏನು ಮಾಡಿಯಾರು? ಅವನು ಪಡಸಾಲೆಯ ನಡುವೆ ನಿಂತು ಗಂಟಲು ಸರಿಮಾಡಿಕೊಂಡ.

“ಹಿರಿಯಾರ ಮುಂದ ಹೇಳ್ತೇನಿ. ನನಗ ಈ ವಾಡೆದಾಗ ಪಾಲ ಬ್ಯಾಡ. ನನ್ನ ಪಾಲ ಧರೆಪ್ಪಣ್ಣ ತಗೊಳ್ಳಲಿ.”

ಧರೆಪ್ಪನ ಮುಖ ಬಿಳಿಚಿಕೊಂಡಿತು. ಎರಡು ಪಾಲಿನವನೆಂದರೆ ಎರಡು ಸಲ ಸಾಯಬೇಕಾದವನು. “ನನಗ್ಯಾಕೋ? ನನ್ನ ಪಾಲೂ ಬ್ಯಾಡ, ನಿನ್ನ ಪಾಲೂ ಬ್ಯಾಡ. ಎಲ್ಲಾ ನಮ್ಮ ವಿಜಿಗೆ ಹೋಗಲಿ, ಹೆಣ್ಣಮಗಳು.”

“ತವರಿನ ಆಸ್ತೀದ ಆಸಿ ನನಗೆಂದೂ ಇಲ್ರಿ” ಎಂದಳು ವಿಜಯಶ್ರೀ. ಅದೇ ಬೆಳಿಗ್ಗೆ ಬಾವಿಯ ಬದಿಯ ಹದಿನಾಲ್ಕು ಗಿಡಕ್ಕಾಗಿ ಅವಳು ಕೋರ್ಟಿಗೆ ಹೋಗುವೆನೆಂದಿದ್ದಳು. “ಸಿದ್ದೂ ಸಣ್ಣಾಂವ. ಅವನೇ ತಗೊಳ್ಳಲಿ.”

“ನೀನೇ ತಗೋ ಅಕ್ಕಾ.”

“ಇಲ್ಲಿಲ್ಲ, ನೀ ತಗೊಳ್ಳೋ.”

ವಾಡೆಯೂ ತೋಟವೂ ಬೀಗರ ಮನೆಯ ಎಲೆಯಡಿಕೆಯ ತಾಟಿನಂತೆ ಒಬ್ಬರ ಕೈಯಿಂದ ಒಬ್ಬರ ಕೈಗೆ ತಿರುಗಿದವು. ಏಳು ತಲೆಮಾರಿನಲ್ಲಿ ಒಂದು ಬದುವನ್ನೂ ಬಿಟ್ಟುಕೊಡದ ದೇಸಾಯರ ಮನೆಯಲ್ಲಿ ಇಂಥ ತ್ಯಾಗ ಕಂಡು ಹಿಪ್ಪರಗಿಯ ಒಬ್ಬ ಮುದುಕ ಕಣ್ಣೊರೆಸಿಕೊಂಡ. ಅದು ಹಸಿವೆಗೂ ಇದ್ದೀತು.

ಅಷ್ಟರಲ್ಲಿ ಸಾವಂತ್ರವ್ವ ಸೌಟು ಹಿಡಿದು ಹೊರಗೆ ಬಂದಳು. “ಸೂರ್ಯಾ ಹುಟ್ಟೂದಕ್ಕೂ ಮೊದಲ ಎದ್ದ ಅಡಿಗಿ ಮಾಡೇನಿ. ಯಾಕ ಉಣವಲ್ರಿ? ಅದರಾಗೇನ ಹುಳಾ ಬಿದ್ದೈತೇನು?”

ಸಿದ್ದರಾಯನ ಬಾಯಿ ತಡೆಯಲಿಲ್ಲ. “ಎಡಿ ಮುಟ್ಟಿದ ಕಾಗಿ ಸತ್ತೈತಿ.”

ಪಂಕ್ತಿಯವರು ಎಲೆಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದರು. ಸಾವಂತ್ರವ್ವ ಸೌಟನ್ನು ಕೆಳಗಿಟ್ಟಳು.

“ಸತ್ತಿಲ್ಲದು. ನಿಶಾ ಏರೈತಿ. ಅವರಿಗೆ ಹೊತ್ತ ಮುಳುಗಿದ ಮ್ಯಾಲ ಎರಡ ಗುಟಕ ಬೇಕಿತ್ತು. ಎಡಿಗೆ ಬಾಟ್ಲಿ ಇಟ್ಟರ ಮಂದ್ಯಾಗ ದೇಸಾಯರ ಮಾನ ಏನ ಉಳಿತೈತಿ? ಅದಕ್ಕ ಆ ಒಂದ ಹೋಳಿಗಿ ಅಷ್ಟ ಅದರಾಗ ನೆನಸಿ ಇಟ್ಟೆ. ಉಳಿದಾವ್ಕ ತುಪ್ಪ ಹಚ್ಚೇನಿ.”

ಎಲ್ಲರೂ ಮಾಳಿಗೆ ಹತ್ತಿದರು. ಕಾಗೆ ಕಟ್ಟೆಯ ಅಂಚಿಗೆ ಕುಳಿತು, ಒಂದು ಕಣ್ಣು ಮುಚ್ಚಿ, ಇಡೀ ತಾಲೂಕನ್ನು ಬೈಯುತ್ತಿತ್ತು.

ಆಮೇಲೆ ಉಂಡದ್ದು ಊಟವಲ್ಲ, ದರೋಡೆ. ಮಶಾಕಸಾಬ ನಾಲ್ಕು ಹಲ್ಲಿನಲ್ಲಿ ಒಂಬತ್ತು ಹೋಳಿಗೆ ಮುಗಿಸಿದ. ಹೊಟ್ಟೆ ತುಂಬುತ್ತಿದ್ದಂತೆ ವಾರಸದಾರರ ತ್ಯಾಗವೂ ಇಳಿಯತೊಡಗಿತು.

“ಚ್ಯಾಷ್ಟಿಗೆ ಅಂದಿದ್ದೆ ನಾ” ಎಂದ ಧರೆಪ್ಪ. “ವಾಡೇದ ಮೂಡಣ ದಿಕ್ಕಿನ ಖೋಲಿ ನಂದು.”

“ಬಾವಿ ಬದಿ ಗಿಡ ಯಾರರ ಮುಟ್ರಿ, ನೋಡ್ತೇನಿ” ಎಂದಳು ವಿಜಯಶ್ರೀ.

ಸಿದ್ದರಾಯನೂ ಧೈರ್ಯ ಮಾಡಿದ. “ಬಾಯಿಮಾತಿಗೆ ಕಾಯದ್ಯಾಗ ಕಿಮ್ಮತ್ತಿಲ್ಲ. ದಿನಾ ಇಂಥ ಕಾಗದಾನೇ ಝರಾಕ್ಸ್ ಮಾಡ್ತೇನಿ. ಮೂರರಾಗ ಒಂದ ಪಾಲ ನಂದು ಐತಿ.”

“ಏ ಸಾವಂತ್ರವ್ವಾ, ನೀರ ತಾ” ಧರೆಪ್ಪ ಕೂಗಿದ.

ಸಾವಂತ್ರವ್ವ ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದ ಹಿಡಿದು ಬಂದಳು. ಕಾಗದವನ್ನು ಸಿದ್ದರಾಯನಿಗೆ ಕೊಟ್ಟಳು. “ನಿನಗ ತಿಳಿತೈತಲ್ಲಪಾ. ವಾರಸಾ ಅರ್ಜಿಗೆ ಇದನ್ನ ಹಚ್ಚಿದ್ರ ಸಾಕೇನು, ಮತ್ತೇನರ ಬೇಕೇನು?”

ಅದು ವಿವಾಹ ನೋಂದಣಿಯ ಪತ್ರ. ಎಡಕ್ಕೆ ಕೋಟು ತೊಟ್ಟ ದೊಡ್ಡಪ್ಪನ ಭಾವಚಿತ್ರ, ಬಲಕ್ಕೆ ಸೆರಗು ಹೊದ್ದ ಸಾವಂತ್ರವ್ವನದು, ಕೆಳಗೆ ಸಾಕ್ಷಿಯ ಜಾಗದಲ್ಲಿ ಮಶಾಕಸಾಬನ ಸಹಿ.

“ಒಂಬತ್ತ ವರ್ಷಾತು” ಎಂದ ಮಶಾಕಸಾಬ, ಕಡ್ಡಿಯಿಂದ ಹಲ್ಲು ಕೆದಕುತ್ತ. “ಅರವತ್ತರ ಮ್ಯಾಲ ಮದುವಿ ಅಂದ್ರ ಮಂದಿ ನಗತಾರ, ನಾ ಹ್ವಾದ ಮ್ಯಾಲ ಹೇಳು ಅಂದಿದ್ದ. ಬೆಳಿಗ್ಗೇನೇ ಹೇಳಾಂವ ಇದ್ದೆ. ಹಸದ ಹೊಟ್ಟಿಲೆ ಇಂಥಾ ಮಾತ ಹೊರಡೂದಿಲ್ಲ ನೋಡ್ರಿ.”

ಸಿದ್ದರಾಯ ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ. ಹೆಂಡತಿ ಇರುವಾಗ ತಮ್ಮಂದಿರ ಮಕ್ಕಳ ಹೆಸರು ಎಲ್ಲಿ ಬರುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಇರಲಿಲ್ಲ. ಎಲ್ಲಿಯೂ ಬರುವುದಿಲ್ಲ.

“ಸಾಕ್ರಿ” ಎಂದ. “ಇದೊಂದ ಸಾಕು.”

ಮೊದಲು ಎದ್ದವನು ಧರೆಪ್ಪ. ತಂಬಿಗೆಯನ್ನು ಎರಡೂ ಕೈಯಿಂದ ಇಸಿದುಕೊಂಡ. “ದೊಡ್ಡವ್ವಾ, ನೀವ್ಯಾಕ ನೀರ ತಂದ್ರಿ? ಕೂಡ್ರಿ. ಏ ವಿಜೀ, ದೊಡ್ಡವ್ವಗ ಚಾಪಿ ಹಾಸು.”

ಇಳಿಹೊತ್ತಿಗೆ ನೆಲ ಸ್ವಲ್ಪ ಬಿಗಿಯಾಯಿತು. ವಿಜಯಶ್ರೀ ಸ್ಟೀರಿಂಗ್ ಹಿಡಿದು ಮುಂದೆ ಕುಳಿತಳು. ಧರೆಪ್ಪ ಒಂದು ಕಡೆ, ಸಿದ್ದರಾಯ ಒಂದು ಕಡೆ ಹೆಗಲು ಕೊಟ್ಟು ಟೆಂಪೊ ತಳ್ಳಿದರು. ಕತ್ತಲಾಗುವ ಹೊತ್ತು, ಸುತ್ತ ನರಪಿಳ್ಳೆಯಿಲ್ಲ, ಪಕ್ಕದಲ್ಲಿ ಧರೆಪ್ಪ, ಟೆಂಪೊದಲ್ಲಿ ಎಣ್ಣೆಯ ಡಬ್ಬಿ. ಆದರೂ ಸಿದ್ದರಾಯನಿಗೆ ಎಳ್ಳಷ್ಟೂ ಭಯವಾಗಲಿಲ್ಲ. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಯೋಚಿಸಿದಾಗ ಅವನಿಗೆ ಅದೇ ದೊಡ್ಡ ಸಂಕಟವಾಯಿತು. ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ಅವನೂ ಕೊಲ್ಲಿಸಿಕೊಳ್ಳಲು ಯೋಗ್ಯನಾದ ಮನುಷ್ಯನಾಗಿದ್ದ. ಈಗ ಅವನನ್ನು ಕೊಲ್ಲಲು ಇಡೀ ಜಿಲ್ಲೆಯಲ್ಲಿ ಯಾರಿಗೂ ಒಂದು ಕಾರಣವೂ ಉಳಿದಿರಲಿಲ್ಲ.