ಅಳು ಬರುವವರು ಕೈ ಎತ್ತಿ

ಟಿ.ವಿ.ಯಲ್ಲಿ ಕಲಾವಿದರಿಗೆ ಸನ್ಮಾನ ಅಂತ ಒಂದು ಕಾರ್ಯಕ್ರಮ ಬಂದರೆ ಸಾಕು, ಮಲ್ಲೇಶ್ವರದ ನಮ್ಮ ವಠಾರದಲ್ಲಿ ಏನಾದರೊಂದು ಆಗೇ ತೀರುತ್ತೆ. ಹೋದ ವರ್ಷ ಮೂಲೆಮನೆ ಅತ್ತೆ ಸೊಸೆ ಒಬ್ಬ ನಟಿಯ ಮೂಗು ಹುಟ್ಟಿದ್ದೋ ಮಾಡಿಸಿದ್ದೋ ಅಂತ ಜಗಳ ತೆಗೆದು, ಎರಡು ದಿನ ಬೇರೆ ಬೇರೆ ಕುಕ್ಕರ್ ಇಟ್ಟರು. ಸೀಟಿ ಎಣಿಸಿ ಎಣಿಸಿ ನನಗೆ ತಲೆನೋವು ಬಂತು. ಈ ವಯಸ್ಸಿಗೆ ಇದೆಲ್ಲ ಸಾಕು, ಈ ವರ್ಷ ಟಿ.ವಿ. ಮುಂದೆ ಕೂರೋದೇ ಬೇಡ ಅಂದುಕೊಂಡೆ. ಹಣೆಬರಹ ನೋಡಿ, ಟಿ.ವಿ. ಒಳಗೇ ಹೋಗಿ ಕೂತೆ.

೧. ಯಾವ ಕಣ್ಣು

ನಮ್ಮ ಪಕ್ಕದ ಮನೆಯಾಕೆ ಕಂಪನಿ ನಾಟಕದವಳು. ನಲವತ್ತು ವರ್ಷ ಬಣ್ಣ ಹಚ್ಚಿ ಅತ್ತೆ, ಸವತಿ, ದಾಸಿ, ಸೂಲಗಿತ್ತಿ ಎಲ್ಲಾ ಆದಳು, ಸ್ವಂತಕ್ಕೆ ಅಂತ ಒಂದು ಸಂಸಾರ ಮಾತ್ರ ಆಗಲಿಲ್ಲ. ಇಪ್ಪತ್ತನೇ ವಯಸ್ಸಿಗೆ ನಾಟಕಕ್ಕೆ ಸೇರಿದಾಗ ಅವಳ ಅಣ್ಣ ಮುಖದ ಮೇಲೆ ಬಾಗಿಲು ಹಾಕಿದ. ಆತ ಇರೋದು ಚಾಮರಾಜಪೇಟೆಯಲ್ಲಿ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದು ರಿಟೈರಾದವನು. ಮಲ್ಲೇಶ್ವರಕ್ಕೂ ಚಾಮರಾಜಪೇಟೆಗೂ ಏನು ಮಹಾ ದೂರ, ಒಂದು ಬಸ್ಸು. ಐವತ್ತು ವರ್ಷದಲ್ಲಿ ಆ ಒಂದು ಬಸ್ಸು ಆತನಿಗೆ ಸಿಗಲಿಲ್ಲ.

ಈ ಸಲ ಒಂದು ಚಾನೆಲ್ಲಿನವರು ಹಳೇ ರಂಗಕಲಾವಿದರು ಎಂಟು ಜನಕ್ಕೆ ಶಾಲು ಹೊದಿಸ್ತೀವಿ ಅಂತ ಇವಳನ್ನೂ ಕರೆದರು.

"ಅಕ್ಕ, ಜೊತೆಗೆ ಒಬ್ಬರು ಬರಬಹುದಂತೆ, ನೀವು ಬನ್ನಿ" ಅಂದಳು.

ಮಂಡಿ ನೋವು ಕಣೇ, ಆಗಲ್ಲ ಅಂದೆ.

"ಆ ಎರಡು ಮದುವೆ ಹೀರೋ ಬರ್ತಾನಂತೆ. ಇಬ್ಬರು ಹೆಂಡತೀರೂ ಬರ್ತಾರಂತೆ" ಅಂದಳು.

ನೋವು ಅಂಥದ್ದೇನಿಲ್ಲ ಅಂದೆ.

ಕಾರ್ಯಕ್ರಮದ ದಿನ ಮಧ್ಯಾಹ್ನ ಹನ್ನೆರಡು ಗಂಟೆಗೇ ನಮ್ಮನ್ನ ತಂದು ಕೂರಿಸಿದರು. ವೇದಿಕೆ ಮೇಲೆ ಒಂದು ನರಪಿಳ್ಳೆ ಇಲ್ಲ. ಕಿವಿಗೆ ವೈರು ಸಿಕ್ಕಿಸಿಕೊಂಡ ಒಬ್ಬ ಮನುಷ್ಯ ಬಂದು, "ಮೊದಲು ನಿಮ್ಮ ಮುಖಗಳನ್ನ ತೆಗೆದು ಇಟ್ಕೋತೀವಿ, ಆಮೇಲೆ ಎಲ್ಲಿ ಬೇಕೋ ಅಲ್ಲಿ ಅಂಟಿಸ್ತೀವಿ" ಅಂದ. ಒಗ್ಗರಣೆ ಮೊದಲೇ ಮಾಡಿಟ್ಟುಕೊಂಡು ಆಮೇಲೆ ಸಾರು ಕಾಯಿಸೋ ಹಾಗೆ. "ಈಗ ಎಲ್ಲರೂ ಚಪ್ಪಾಳೆ. ಈಗ ಆಶ್ಚರ್ಯ. ಈಗ ನಗು." ಖಾಲಿ ವೇದಿಕೆ ನೋಡಿಕೊಂಡು ಅಷ್ಟೂ ಜನ ನಗೋದು ನೋಡಿ ನನಗೆ ನಿಜವಾಗಲೂ ನಗು ಬಂತು. ಹಿಂದಿನ ಎರಡು ಹಲ್ಲು ಇಲ್ಲದ್ದೂ ಕಾಣೋ ಹಾಗೆ ನಕ್ಕೆ. ಕ್ಯಾಮೆರಾದವನು ಅಲ್ಲೇ ನಿಂತು ತೆಗೆದುಕೊಂಡ.

ಆಮೇಲೆ ಆ ವೈರಿನ ಮನುಷ್ಯ, "ಅಳು ಬರುವವರು ಕೈ ಎತ್ತಿ" ಅಂದ. ಯಾರೂ ಎತ್ತಲಿಲ್ಲ. ನನ್ನ ಬಿಳೀ ತಲೆ ನೋಡಿ ಹತ್ತಿರ ಬಂದು, "ಅಜ್ಜಿ, ನಿಮ್ಮ ಮನೇಲಿ ತೀರಿಹೋದವರು ಯಾರನ್ನಾದ್ರೂ ನೆನಸ್ಕೊಳ್ಳಿ" ಅಂದ. ನಮ್ಮ ಯಜಮಾನರನ್ನ ನೆನಸ್ಕೊಂಡೆ. ಇನ್ನೂ ಜಾಸ್ತಿ ನಗು ಬಂತು.

ಆಗ ಪಕ್ಕದಲ್ಲಿದ್ದ ಇವಳು ಮೆಲ್ಲಗೆ ಕೈ ಎತ್ತಿದಳು. ಸನ್ಮಾನಕ್ಕೆ ಬಂದವಳು ಅಂತ ಆತನಿಗೆ ಗೊತ್ತಿಲ್ಲ, ನಮ್ಮ ಹಾಗೆ ನೋಡೋಕೆ ಬಂದವಳು ಅಂದುಕೊಂಡ. "ಅಮ್ಮ, ಕಣ್ಣಿಗೆ ಗ್ಲಿಸರಿನ್ ಹಾಕಿಸ್ಲಾ?" ಅಂದ.

"ಬೇಡಪ್ಪ" ಅಂದಳು. "ಯಾವ ಕಣ್ಣಲ್ಲಿ ಬೇಕು, ಅಷ್ಟು ಹೇಳು."

೨. ಶಾಲು ಹೊದ್ದ ಮೇಲೆ ಎರಡು ಮಾತು

ಹತ್ತು ನಿಮಿಷ ಅವಳನ್ನ ಅಳಿಸಿದರು. ಕರ್ಚೀಫ್ ಹಿಡಿದು, ಹಿಡಿಯದೆ, ನಗುತ್ತಾ, ಕೈ ಮುಗಿಯುತ್ತಾ. ಆಮೇಲೆ ಕಾರ್ಯಕ್ರಮ ಶುರುವಾಯಿತು. ಹೀರೋನ ಮೊದಲನೇ ಹೆಂಡತಿ ಮುಂದಿನ ಸಾಲು, ಎರಡನೆಯವಳು ಮೂರನೇ ಸಾಲು. ಮಧ್ಯದ ಸಾಲಿನಲ್ಲಿ ಅವನ ತಾಯಿ, ಬಂದೋಬಸ್ತಿಗೆ ಹಾಕಿದ ಪೊಲೀಸಿನ ಹಾಗೆ ನೆಟ್ಟಗೆ ಕೂತಿದ್ದಳು. ಆಯಮ್ಮ ಒಂದು ಸಲವೂ ಬಾತ್‌ರೂಮಿಗೆ ಏಳಲಿಲ್ಲ. ಅವಳ ಸಂಕಟ ನೋಡಿ ನನ್ನ ಮಂಡಿ ನೋವು ಏನೂ ಅಲ್ಲ ಅನ್ನಿಸಿತು.

ನಾಲ್ಕು ಕುಣಿತ ಆದಮೇಲೆ ಇವಳ ಸರದಿ. ಶಾಲು, ಹಾರ, ಹಣ್ಣಿನ ಬುಟ್ಟಿ, ರುಬ್ಬುಗುಂಡಿನಷ್ಟು ಭಾರದ ಒಂದು ಗಾಜಿನ ಫಲಕ. ಎರಡು ಮಾತಾಡಿ ಅಂತ ಮೈಕು ಕೊಟ್ಟರು. ಎರಡೇ ಮಾತಾಡಿದಳು.

"ನಂಗೆ ಮೊದಲನೇ ಹಾಡು ಹೇಳಿಕೊಟ್ಟವನು ನಮ್ಮಣ್ಣ, ಈ ಶಾಲು ಅವನದು. ಅವನು ಇದನ್ನ ನೋಡಿ, ಬಾಗಿಲು ತೆಗೆಯೋದು ಬೇಡ, ಕಿಟಕಿ ತೆಗೆದ್ರೂ ನಂಗೆ ಸಾಕು."

ಯಜಮಾನರು ಹೋದಾಗಲೂ ಅಳದವಳು ನಾನು, ಸೆರಗಲ್ಲಿ ಮೂಗು ಒರೆಸಿಕೊಂಡೆ. ನಮ್ಮ ಕಡೆ ಕ್ಯಾಮೆರಾದವನು ಅಷ್ಟು ಹೊತ್ತಿಗೆ ಟೀ ಕುಡಿಯೋಕೆ ಹೋಗಿದ್ದ.

ಟಿ.ವಿ.ಯಲ್ಲಿ ಬರೋದು ಒಂದು ತಿಂಗಳ ಮೇಲೆ, ಭಾನುವಾರ ಸಂಜೆ ಅಂದರು. ಅಣ್ಣನ ಸೊಸೆ ಒಳ್ಳೆಯವಳು, ಮಾವನಿಗೆ ಗೊತ್ತಿಲ್ಲದ ಹಾಗೆ ಇವಳ ಹತ್ತಿರ ಫೋನಿನಲ್ಲಿ ಮಾತಾಡ್ತಾಳೆ. "ಭಾನುವಾರ ನಾನು ಟಿ.ವಿ.ಯಲ್ಲಿ ಬರ್ತೀನಿ, ಅಣ್ಣನ್ನ ಹೇಗಾದ್ರೂ ಕೂರಿಸು. ಶಾಲಿನ ವಿಷಯ ಮಾತ್ರ ಹೇಳಬೇಡ, ಅವನೇ ನೋಡಲಿ" ಅಂತ ಸೊಸೆಗೆ ಹೇಳಿಟ್ಟಳು. ಆ ತಿಂಗಳು ಪೂರ್ತಿ ಅವಳು ಒಂದು ಮಾತು ಜಾಸ್ತಿ ಆಡಲಿಲ್ಲ. ಪಕ್ಕದ ಮನೆಯಲ್ಲಿ ಮಾತಿಲ್ಲದೆ ನಾನೇ ಸೊರಗಿದೆ.

೩. ನಮ್ಮನೆ ಸಾವಿಗೆ ಬರಬೇಡಿ

ಭಾನುವಾರ ವಠಾರವೆಲ್ಲ ಮಾಲೀಕರ ಮನೆಯಲ್ಲಿ ಸೇರಿತು, ಅವರ ಟಿ.ವಿ. ಬಾಗಿಲಿನಷ್ಟಿದೆ. ಪಕ್ಕದ ಮನೆಯಾಕೆ ಮೂಲೆಯಲ್ಲಿ ಕೂತು, ಫೋನನ್ನ ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಮೊದಲ ಅರ್ಧ ಗಂಟೆ ಬರೀ ಬಟ್ಟೆ. "ಇವಳಿಗೆ ದರ್ಜಿ ಬೆನ್ನು ಹೊಲೆಯೋದೇ ಮರೆತಿದಾನೆ" ಅಂದಳು ಮಾಲೀಕರ ಹೆಂಡತಿ. ಮಾಲೀಕರು ಮೇಷ್ಟ್ರಾಗಿದ್ದವರು, ಆ ಬೆನ್ನು ಹೋಗುವವರೆಗೂ ಕನ್ನಡಕ ಒರೆಸಿಕೊಳ್ತಾ ಇದ್ದರು, ಕಣ್ಣಿನ ಮೇಲಿಂದ ತೆಗೆಯದೇ. ಎರಡು ಮದುವೆ ಹೀರೋ ಪ್ರಶಸ್ತಿ ತಗೊಂಡು ಗಳಗಳ ಅತ್ತ. "ಪಾಪ, ನಿಜವಾಗಿ ಅಳ್ತಿದಾನೆ" ಅಂದಳು ಮೂಲೆಮನೆ ಸೊಸೆ. "ನಿಜವೇ ಇರಬೇಕು" ಅಂದಳು ಅತ್ತೆ, "ಸಿನಿಮಾದಲ್ಲಿ ಇಷ್ಟು ಚೆನ್ನಾಗಿ ಬರಲ್ಲ ಅವನಿಗೆ." ಅಪರೂಪಕ್ಕೆ ಅತ್ತೆ ಸೊಸೆ ಒಟ್ಟಿಗೆ ನಕ್ಕರು.

ಆಮೇಲೆ ದೀಪಗಳನ್ನೆಲ್ಲ ಸಣ್ಣ ಮಾಡಿ, ವೀಣೆ ನುಡಿಸಿ, ಈ ವರ್ಷ ತೀರಿಹೋದ ಕಲಾವಿದರ ಫೋಟೋ ಒಂದೊಂದಾಗಿ ತೋರಿಸಿದರು. ಮಾಲೀಕರು ಎದ್ದೇ ನಿಂತರು. ಒಂದು ಹಿರೀ ಜೀವದ ಫೋಟೋ ಬಂತು, ಹೂವು ಉದುರಿತು, ಆ ಹೂವಿನ ಹಿಂದಿನಿಂದ ಬಾಗಿಲಿನಷ್ಟು ದೊಡ್ಡದಾಗಿ ನಾನು ಬಂದೆ. ಬಾಯಿ ಪೂರ್ತಿ ತೆರೆದು, ಹಿಂದಿನ ಎರಡು ಹಲ್ಲಿನ ಜಾಗ ಸಮೇತ ನಗ್ತಾ ಇದೀನಿ.

ವಠಾರವೆಲ್ಲ ತಿರುಗಿ ನನ್ನ ನೋಡಿತು. ಅಂಟಿಸಿದ್ದು ಕಣ್ರೀ, ಅದು ಬೇರೆ ಹೊತ್ತಿನ ನಗು ಅಂದರೆ ಯಾರು ನಂಬ್ತಾರೆ. ಮಾಲೀಕರು ನಿಂತವರು ನಿಂತ ಹಾಗೇ, "ಅವರು ನಿಮಗೆ ಏನಾದ್ರೂ ತೊಂದರೆ ಕೊಟ್ಟಿದ್ರಾ?" ಅಂತ ಮೆಲ್ಲಗೆ ಕೇಳಿದರು. ಅಷ್ಟರಲ್ಲಿ ವೈಯಾಲಿಕಾವಲಿನಿಂದ ನಮ್ಮ ನಾದಿನಿ ಫೋನು. ಅವಳ ಯಜಮಾನರು ಆರು ತಿಂಗಳಿಂದ ಹಾಸಿಗೆ ಹಿಡಿದಿದ್ದಾರೆ.

"ಅತ್ತಿಗೆ, ಈಗ ನೋಡಿದ್ವಿ" ಅಂದಳು. "ಇವರು ಒಂದು ಮಾತು ಹೇಳು ಅಂದ್ರು. ಇವರು ಹೋದ ದಿನ ನೀವು ಬರೋದು ಬೇಡವಂತೆ."

೪. ಮೊಣಕೈ

ಇವಳ ಅಳುವನ್ನಂತೂ ಕಸಬರಿಕೆ ಹಾಗೆ ಎಲ್ಲಾ ಕಡೆ ಬಳಸಿದ್ದರು. ಹೀರೋಗೆ ಪ್ರಶಸ್ತಿ ಕೊಟ್ಟರೆ ಇವಳು ಅಳ್ತಾಳೆ. ಗಾಯಕನಿಗೆ ಕೊಟ್ಟರೆ ಅಳ್ತಾಳೆ. ಅರೆಬಟ್ಟೆ ಹುಡುಗಿಯರು ಕುಣಿದರೆ ಕೈ ಮುಗಿದುಕೊಂಡು ಅಳ್ತಾಳೆ. ಏಳನೇ ಸಲಕ್ಕೆ ಮೂಲೆಮನೆ ಅತ್ತೆ, "ಸಾಕು ಸುಮ್ಮನಿರೇ" ಅಂತ ಟಿ.ವಿ.ಗೇ ಗದರಿದಳು.

ಆದರೆ ಸನ್ಮಾನ? ಸೋಪಿನ ಜಾಹೀರಾತಿಗೆ ಮುಂಚೆ, ಕಣ್ಣು ಮಿಟುಕಿಸೋ ಅಷ್ಟರಲ್ಲಿ, ಎಂಟು ಜನ ಹಿರಿಯರನ್ನ ಒಟ್ಟಿಗೆ ತೋರಿಸಿ ಮುಗಿಸಿದರು. ಇವಳ ಮುಂದೆ ಶಾಲು ಹೊದಿಸೋಕೆ ಬಂದಿದ್ದ ಯಾರೋ ಗಣ್ಯರ ಬೆನ್ನು. ಬೆನ್ನಿನ ಪಕ್ಕ ಒಂದು ಮೊಣಕೈ. ಅಣ್ಣನ ಬಗ್ಗೆ ಆಡಿದ ಎರಡು ಮಾತು ಬರಲೇ ಇಲ್ಲ.

ಅವಳು ಫೋನು ತೆಗೆದುಕೊಂಡು ಎದ್ದಳು. ಮಾಲೀಕರ ಹೆಂಡತಿ ಸಮಾಧಾನಕ್ಕೆ ಅಂತ, "ಮೊಣಕೈ ತುಂಬಾ ಚೆನ್ನಾಗಿ ಬಂದಿದೆ ಕಣ್ರೀ" ಅಂದಳು.

೫. ಆ ಕಡೆ ಕೆಲಸ ಇತ್ತು

ಮಾರನೇ ದಿನ ಬೆಳಿಗ್ಗೆ ನಾನು ಅವಳ ಮನೆಯಲ್ಲಿ ಕಾಫಿ ಕುಡೀತಿದ್ದೆ. ಬಾಗಿಲಲ್ಲಿ ಆಟೋ ನಿಂತಿತು. ಪಂಚೆ, ಕೋಟು, ಕೈಯಲ್ಲಿ ಒಂದು ಪೊಟ್ಟಣ. ಇವಳದೇ ಮೂಗು, ನೋಡಿದರೇ ಗೊತ್ತಾಯಿತು ಯಾರು ಅಂತ.

ಒಳಗೆ ಬಂದವನು ಕೂರಲಿಲ್ಲ. "ಎರಡು ಗಂಟೆ ಹೊತ್ತು ಅತ್ತಿದೀಯಲ್ಲೇ" ಅಂದ. "ಒಬ್ಬೊಬ್ಬರಿಗೆ ಕೊಟ್ಟಾಗಲೂ ಅತ್ತೆ. ಊರೋರಿಗೆಲ್ಲ ಕೊಟ್ರು, ನಿಂಗೆ ಕೊಡಲಿಲ್ಲ. ನಂಗೇನು ಕಣ್ಣಿಲ್ವಾ? ತಗೋ, ಕೋಡುಬಳೆ. ಚಿಕ್ಕವಳಿದ್ದಾಗ ಇದನ್ನ ಕೊಟ್ರೆ ಅಳು ನಿಲ್ಲಿಸ್ತಿದ್ದೆ."

ಅವಳು ಹೇಳೋಕೆ ಬಾಯಿ ತೆರೆದಳು. ಪೊಟ್ಟಣ ನೋಡಿದಳು. ಬಾಯಿ ಮುಚ್ಚಿಕೊಂಡಳು. ಆಮೇಲೆ ನನ್ನ ಕಡೆ ಒಂದು ಸಲ ನೋಡಿದಳು. ಐವತ್ತು ವರ್ಷದ ಮೇಲೆ ಬಂದವನು ಸಮಾಧಾನ ಮಾಡೋಕೆ ಬಂದಿದ್ದಾನೆ, ಶಾಲು ಸಿಕ್ಕಿದೆ ಅಂದರೆ ಬಂದ ಕೆಲಸವೇ ಇಲ್ಲ, ಹಾಗೇ ತಿರುಗಿ ಹೋಗ್ತಾನೆ. ಅವಳು ದೇವರ ಮುಂದೆ ಇಟ್ಟಿದ್ದ ಫಲಕವನ್ನ ನಾನು ಸೆರಗಿನಲ್ಲಿ ಮುಚ್ಚಿಕೊಂಡು, ಶಾಲನ್ನ ಬಗಲಿಗೆ ಸಿಕ್ಕಿಸಿ, ಕುಕ್ಕರ್ ಕೂಗ್ತಿದೆ ಅಂತ ಹೊರಟೆ. ಆ ರುಬ್ಬುಗುಂಡು ಹೊತ್ತು ನನ್ನ ಸೊಂಟ ಹಿಡಿದದ್ದು ಇವತ್ತಿಗೂ ಬಿಟ್ಟಿಲ್ಲ.

"ಹೌದಣ್ಣ, ಕೊಡಲಿಲ್ಲ" ಅನ್ನೋದು ಹಿಂದಿನಿಂದ ಕೇಳಿಸಿತು. ಅವಳ ಜೀವಮಾನದಲ್ಲೇ ಅಷ್ಟು ಒಳ್ಳೇ ಪಾರ್ಟು ಮಾಡಿರಲಾರಳು.

ಆ ಶನಿವಾರ ಅಣ್ಣ ಮತ್ತೆ ಬಂದ, ಅರ್ಜಿ ಬರೆದುಕೊಂಡು. ಗುಮಾಸ್ತ ನೋಡಿ, ವಿಷಯ, ಉಲ್ಲೇಖ, ಅನುಬಂಧ ಎಲ್ಲಾ ಇತ್ತು. ತಂಗಿಗೆ ಯಾಕೆ ಸನ್ಮಾನ ಮಾಡಲಿಲ್ಲ ಅಂತ ಚಾನೆಲ್ಲಿಗೆ ಆರು ಪುಟ. ಅನುಬಂಧದಲ್ಲಿ ಅವಳು ಮಾಡಿದ ಹದಿನೇಳು ನಾಟಕ, ಯಾವ ಊರು, ಯಾವ ಪಾರ್ಟು, ಯಾವ ಬಣ್ಣದ ಸೀರೆ. ಅವಳು ಓದ್ತಾ ಓದ್ತಾ ಒಂದು ಕಡೆ ನಿಂತಳು.

"ಅಣ್ಣ, ನಾನು ರಾಣಿ ಪಾರ್ಟು ಮಾಡಿದ್ದು ಒಂದೇ ಒಂದು ದಿನ. ಮಾಮೂಲಿನವಳಿಗೆ ಜ್ವರ ಬಂದಿತ್ತು. ಹ್ಯಾಂಡ್‌ಬಿಲ್ಲಿನಲ್ಲೂ ನನ್ನ ಹೆಸರಿರಲಿಲ್ಲ. ನಿಂಗೆ ಹೇಗೆ ಗೊತ್ತು?"

ಆತ ಕಿಟಕಿ ಕಡೆ ನೋಡಿದ. "ಆ ಕಡೆ ಕೆಲಸ ಇತ್ತು."

"ಇಲ್ಲಿ ಹದಿನೇಳು ಇವೆ."

"ಆ ಕಡೆ ಕೆಲಸ ಜಾಸ್ತಿ ಇತ್ತು."

೬. ತುಂಬ ಮೇಲಿನವರು

ಅರ್ಜಿಯನ್ನ ಪೋಸ್ಟ್ ಡಬ್ಬಿಗೆ ಹಾಕಿ ಅಂತ ನನ್ನ ಕೈಗೆ ಕೊಟ್ಟ. ಹಾಕಿದರೆ, ಆಗಲೇ ಕೊಟ್ಟಾಗಿದೆ ಅಂತ ಉತ್ತರ ಬರುತ್ತೆ. ಮನೆಗೆ ತಂದು ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ. ಆತ ಬಿಡ್ತಾನಾ? ಪ್ರತಿ ಶನಿವಾರ ಕೋಡುಬಳೆ, ಪ್ರತಿ ಶನಿವಾರ ಒಂದು ಜ್ಞಾಪನಾ ಪತ್ರ. ಒಂದನೇ ಜ್ಞಾಪನ, ಎರಡನೇ ಜ್ಞಾಪನ. ಅಕ್ಕಿ ಅಳೆಯೋಕೆ ಕೈ ಹಾಕಿದರೆ ಕಾಗದ ಸಿಗ್ತಿತ್ತು.

"ಮೂರು ಜ್ಞಾಪನಕ್ಕೂ ಉತ್ತರ ಬರದಿದ್ರೆ ಫೈಲು ಮುಚ್ಚೋದು ಪದ್ಧತಿ" ಅಂದ ಒಂದು ದಿನ. ಅವಳ ಮುಖ ಸಣ್ಣಗಾಯಿತು. ಫೈಲು ಮುಚ್ಚಿದರೆ ಶನಿವಾರವೂ ಮುಚ್ಚಿದ ಹಾಗೇ. ಆತ ಹೋದಮೇಲೆ ನನ್ನ ಕೈ ಹಿಡಿದುಕೊಂಡಳು. "ಅಕ್ಕ, ಚಾನೆಲ್ಲಿನವರು ಬರೆದ ಹಾಗೆ ನೀವೇ ಒಂದು ಉತ್ತರ ಬರೆದುಬಿಡಿ. ನನ್ನ ಅಕ್ಷರ ಅವನಿಗೆ ಗೊತ್ತು."

ನಾನು ಓದಿದ್ದು ನಾಲ್ಕನೇ ಕ್ಲಾಸು. ನನಗೇನು ಬರುತ್ತೆ? ಟ್ರಂಕು ತೆಗೆದೆ. ಇಷ್ಟು ವರ್ಷ ನಮ್ಮ ಮನೆಗೆ ಬಂದ ಸರ್ಕಾರಿ ಕಾಗದಗಳೆಲ್ಲ ಅದರಲ್ಲಿವೆ. ನಲ್ಲಿ ನೀರಿನ ಕಾಗದದಿಂದ ಒಂದಿಷ್ಟು, ರೇಷನ್ ಕಾರ್ಡಿನದರಿಂದ ಒಂದಿಷ್ಟು, ಯಜಮಾನರ ಪಿಂಚಣಿಯದರಿಂದ ಒಂದಿಷ್ಟು ತೆಗೆದು ಜೋಡಿಸಿದೆ. ಮೇಲೆ ಚಾನೆಲ್ಲಿನ ಹೆಸರು ಹಾಕಿದೆ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಕುಟುಂಬದ ನಲ್ಲಿ ಸಂಪರ್ಕವು ಪರಿಶೀಲನೆಯಲ್ಲಿದ್ದು, ಫಲಾನುಭವಿಯು ಜೀವಂತವಿರುವ ಬಗ್ಗೆ ಪ್ರತಿ ಶನಿವಾರ ದೃಢೀಕರಿಸಿದಲ್ಲಿ ಮಾತ್ರ ಶಾಲು ನೀಡಲು ಕ್ರಮ ಕೈಗೊಳ್ಳಲಾಗುವುದು." ಕೆಳಗೆ ಒಂದು ಗೀಟು ಎಳೆದು ಸಹಿ ಮಾಡಿದೆ.

ಮುಂದಿನ ಶನಿವಾರ ಅಣ್ಣ ಕನ್ನಡಕ ಹಾಕಿಕೊಂಡು ಓದಿದ. ತಿರುಗಿಸಿ ಓದಿದ. ಕಾಗದವನ್ನ ನಾಲ್ಕು ಮಡಿಕೆ ಮಾಡಿ ಕೋಟಿನ ಒಳಜೇಬಿಗೆ ಇಟ್ಟುಕೊಂಡು, "ಪ್ರತಿ ಶನಿವಾರ ನಾನು ಬಂದು ನೋಡಿ ದೃಢೀಕರಿಸ್ಬೇಕು, ಬೇರೆ ದಾರಿ ಇಲ್ಲ" ಅಂದ. ಆಮೇಲೆ ತಂಗಿಯ ಕಡೆ ಬಗ್ಗಿ, ದನಿ ಇಳಿಸಿ ಹೇಳಿದ:

"ಕೈಯಲ್ಲೇ ಬರೆದಿದಾರೆ, ಅಂದ್ರೆ ಟೈಪಿಸ್ಟಿಗೂ ತೋರಿಸದ ಗೌಪ್ಯ ಪತ್ರ. ಒಂದು ಸಾಲೂ ಅರ್ಥ ಆಗ್ತಿಲ್ಲ, ಅಂದ್ರೆ ತುಂಬ ಮೇಲಿನ ಆಫೀಸರೇ ಬರೆದಿರೋದು."